ಪಂಡಿತಾ ರಮಾಬಾಯಿಯನ್ನು ಓದಿಕೊಂಡು ತರಗತಿಗೆ ಹೋಗಿ: ಶಿಕ್ಷಕಿಯರಾಗಲಿರುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಬಿ.ಎಡ್. ಮತ್ತು ಡಿ.ಎಡ್. ವಿದ್ಯಾರ್ಥಿನಿಯರೇ,

ಇನ್ನು ಕೆಲವು ತಿಂಗಳಲ್ಲಿ ನಿಮ್ಮ ತರಬೇತಿ ಮುಗಿಯುತ್ತದೆ. ಪಾಠಯೋಜನೆ, ಬೋಧನೋಪಕರಣ, ಬೋಧನಾಭ್ಯಾಸ ಎಲ್ಲ ದಾಟಿ ನಿಮ್ಮಲ್ಲಿ ಕೆಲವರು ಸರ್ಕಾರಿ ಶಾಲೆಗೆ, ಇನ್ನು ಕೆಲವರು ಖಾಸಗಿ ಶಾಲೆಗೆ ಹೋಗುತ್ತೀರಿ. ಶಿಕ್ಷಣ ಚಿಂತಕರ ಪಾಠದಲ್ಲಿ ರೂಸೋ, ಫ್ರೋಬೆಲ್, ಮಾಂಟೆಸರಿ, ಗಾಂಧಿ, ಟ್ಯಾಗೋರ್ ಅವರ ಬಗ್ಗೆ ಪುಟಗಟ್ಟಲೆ ಉತ್ತರ ಬರೆದಿದ್ದೀರಿ. ಜನವರಿ 3 ಬಂದರೆ ಸಾವಿತ್ರಿಬಾಯಿ ಫುಲೆಯವರ ಫೋಟೋಕ್ಕೆ ಹಾರ ಹಾಕುತ್ತೀರಿ, ಅದು ಆಗಬೇಕಾದದ್ದೇ. ಆದರೆ ಪಂಡಿತಾ ರಮಾಬಾಯಿ? ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ‘ಶಾರದಾ ಸದನದ ಸ್ಥಾಪಕರು ಯಾರು’ ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಅವರು ಉಳಿದುಬಿಟ್ಟಿದ್ದಾರೆ. ಆ ಒಂದು ಅಂಕದ ಆಚೆಗೆ ಅವರನ್ನು ನಿಮಗೆ ಪರಿಚಯಿಸಬೇಕೆಂದು ಈ ಪತ್ರ.

ಮೊದಲನೆಯ ಮಾತು, ಅವರು ನಮ್ಮ ಘಟ್ಟದ ಮಗಳು. ಕಾರ್ಕಳದ ಬಳಿಯ ಮಾಳ ಅವರ ತಂದೆಯ ಊರು. ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಎರಡನೆಯ ಮಾತು, ಅವರ ಹೆಸರಿನ ಸುತ್ತ ಇರುವ ಮುಜುಗರದ್ದು. ಅವರ ಸಂಸ್ಕೃತ ಪಾಂಡಿತ್ಯವನ್ನು ಹೊಗಳುವವರು ಅವರು ಕ್ರೈಸ್ತರಾದ ಸಂಗತಿಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅವರ ಕ್ರಿಸ್ತಭಕ್ತಿಯನ್ನು ಕೊಂಡಾಡುವವರು ಅವರು ಬಿಷಪ್‌ಗಳೊಡನೆ ಜಗಳವಾಡಿದ್ದನ್ನು ಬಿಟ್ಟುಬಿಡುತ್ತಾರೆ. ಸ್ತ್ರೀವಾದಿಗಳಿಗೆ ಅವರ ಬಂಡಾಯ ಬೇಕು, ಪ್ರಾರ್ಥನೆ ಬೇಡ. ಹೀಗೆ ಎಲ್ಲರೂ ತಮಗೆ ಬೇಕಾದಷ್ಟನ್ನೇ ತೆಗೆದುಕೊಂಡಿದ್ದಾರೆ. ಶಿಕ್ಷಕಿಯರಾದ ನೀವಾದರೂ ಪೂರ್ತಿ ರಮಾಬಾಯಿಯನ್ನು ತೆಗೆದುಕೊಳ್ಳಿ. ಮಗಳಾಗಿ, ಹೆಂಡತಿಯಾಗಿ, ತಾಯಿಯಾಗಿ, ಭಕ್ತೆಯಾಗಿ ಬದುಕಿನ ಪ್ರತಿ ಘಟ್ಟದಲ್ಲೂ ಅವರು ಕಲಿಯುತ್ತಲೋ ಕಲಿಸುತ್ತಲೋ ಇದ್ದರು. ಆ ಎರಡೂ ಕೆಲಸದಲ್ಲಿ ಒಂದೇ ಹಟ ಹಿಡಿದಿದ್ದರು: ಕಲಿತವಳಿಗೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಬರಬೇಕು, ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನುವ ಎದೆಗಾರಿಕೆ ಬರಬೇಕು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ಪುಣೆಯಲ್ಲಿ ಶಿಷ್ಯವೃತ್ತಿಯಲ್ಲಿದ್ದಾಗ ಅವರ ಗುರುಗಳು ಪೇಶ್ವೆ ಮನೆತನದ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಅದನ್ನು ಕಂಡ ಹುಡುಗನಿಗೆ, ನಾನೂ ನನ್ನ ಹೆಂಡತಿಗೆ ಹೀಗೆಯೇ ಕಲಿಸಬೇಕು ಎಂಬ ಆಸೆ ಹುಟ್ಟಿತು. ಮೊದಲ ಹೆಂಡತಿಯ ವಿಷಯದಲ್ಲಿ ಅದು ನೆರವೇರಲಿಲ್ಲ. ಆಕೆ ತೀರಿಕೊಂಡ ಮೇಲೆ, ತೀರ್ಥಯಾತ್ರೆಯಲ್ಲಿ ಸಿಕ್ಕಿದ ಒಬ್ಬ ಬಡ ಬ್ರಾಹ್ಮಣರ ಪುಟ್ಟ ಮಗಳನ್ನು ಮದುವೆಯಾಗಿ ಕರೆತಂದರು. ಲಕ್ಷ್ಮೀಬಾಯಿಗೆ ಆಗ ಒಂಬತ್ತು ವರ್ಷ, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಈ ವಯಸ್ಸಿನ ಅಂತರವನ್ನು ಇಂದು ಒಪ್ಪುವುದು ಸಾಧ್ಯವಿಲ್ಲ. ಆದರೆ ಆ ಕಾಲಕ್ಕೆ ಜನ ಸಿಟ್ಟಾದದ್ದು ವಯಸ್ಸಿನ ಬಗ್ಗೆ ಅಲ್ಲ, ಹೆಂಡತಿಗೆ ಸಂಸ್ಕೃತ ಕಲಿಸಿದ್ದರ ಬಗ್ಗೆ. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ವೇದವೊಂದನ್ನು ಬಿಟ್ಟು ಮಿಕ್ಕ ಶಾಸ್ತ್ರ ಪುರಾಣಗಳನ್ನು ಹೆಂಗಸರು ಓದಬಹುದು ಎಂದು ಆಧಾರ ಸಮೇತ ವಾದಿಸಬೇಕಾಯಿತು. ಊರಿನ ಕಿರಿಕಿರಿ ಸಾಕಾಗಿ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ಬಂದ ಶಿಷ್ಯರಿಗೂ ಯಾತ್ರಿಕರಿಗೂ ಅನ್ನ ಹಾಕಿ ಹಾಕಿ ಸಾಲವಾಯಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಸಂಸಾರ ಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು.

ರಮಾಬಾಯಿಗೆ ಪಾಠ ಹೇಳಿದ್ದು ಹೆಚ್ಚಾಗಿ ತಂದೆಯಲ್ಲ, ತಾಯಿ. ತಂದೆಗೆ ವಯಸ್ಸಾಗಿತ್ತು. ಹಗಲೆಲ್ಲ ಯಾತ್ರೆಯ ಗಡಿಬಿಡಿ, ಅಡಿಗೆ, ಮಕ್ಕಳು. ಹಾಗಾಗಿ ಲಕ್ಷ್ಮೀಬಾಯಿ ನಸುಕಿಗೂ ಮೊದಲೇ ಮಗಳನ್ನು ಮುದ್ದು ಮಾತಾಡಿ ಎಬ್ಬಿಸಿ, ಹಕ್ಕಿಗಳು ಉಲಿಯುವ ಹೊತ್ತಿಗೆ ಶ್ಲೋಕ ಹೇಳಿಸುತ್ತಿದ್ದರು. ಶಾಲೆ ಇಲ್ಲ, ಹಲಗೆ ಇಲ್ಲ, ಒಂದು ಊರು ಅಂತಲೇ ಇಲ್ಲ. ಆದರೂ ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬಂದವು. ಮನೆಮಾತು ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳು ತಿರುಗಾಟದಲ್ಲೇ ಬಂದವು. ನೀವು ‘ಸೌಲಭ್ಯಗಳ ಕೊರತೆ’ ಎಂಬ ತಲೆಬರಹದ ಕೆಳಗೆ ಐದು ಅಂಶ ಬರೆಯುವಾಗ ಈ ತಾಯಿಯನ್ನೂ ಒಮ್ಮೆ ನೆನೆಯಿರಿ. ಸೌಲಭ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಕಲಿಸುವವಳಿಗೆ ಆಸೆ ಇಲ್ಲದಿದ್ದರೆ ಸೌಲಭ್ಯವೂ ಉಪಯೋಗಕ್ಕೆ ಬರುವುದಿಲ್ಲ ಎನ್ನುತ್ತಿದ್ದೇನೆ.

ಆದರೆ ಇಷ್ಟೆಲ್ಲ ವಿದ್ಯೆ ಆ ಸಂಸಾರವನ್ನು ಉಳಿಸಲಿಲ್ಲ. 1870ರ ದಶಕದ ಬರಗಾಲದಲ್ಲಿ ಕೈಯಲ್ಲಿದ್ದದ್ದೆಲ್ಲ ಕರಗಿತು. ಪುರಾಣ ಹೇಳುವುದನ್ನು ಬಿಟ್ಟರೆ ಬೇರೆ ಯಾವ ಕೆಲಸವನ್ನೂ ಮಕ್ಕಳಿಗೆ ಕಲಿಸಿರಲಿಲ್ಲ. ಬೇಡಲು ಅಭಿಮಾನ ಬಿಡುತ್ತಿರಲಿಲ್ಲ. ದೃಷ್ಟಿ ಕಳೆದುಕೊಂಡಿದ್ದ ತಂದೆ 1874ರಲ್ಲಿ ಹೋದರು. ಕೆಲವೇ ದಿನಗಳಲ್ಲಿ ತಾಯಿ ಹಾಸಿಗೆ ಹಿಡಿದರು. ತಾಯಿಗಾಗಿ ಪಕ್ಕದ ಮನೆಯ ಬಾಗಿಲಿಗೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿ ತಂದದ್ದನ್ನು, ಬಾಯಿಬಿಟ್ಟು ಕೇಳಲು ನಾಲಿಗೆ ಏಳದೆ ಹೋದದ್ದನ್ನು, ತಂದರೂ ತಾಯಿಗೆ ತಿನ್ನಲು ಶಕ್ತಿ ಇಲ್ಲದೆ ಹೋದದ್ದನ್ನು ರಮಾಬಾಯಿ ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಚಟ್ಟ ಹೊರಲು ಜನ ಸಾಲದೆ ಅಣ್ಣನ ಜೊತೆ ಅವರೂ ಹೆಗಲು ಕೊಡಬೇಕಾಯಿತು. ಆ ಮೇಲೆ ಅಕ್ಕನೂ ತೀರಿಕೊಂಡಳು. ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೇ ಉಳಿದು, ಉತ್ತರ ಭಾರತವನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಚಳಿ ತಡೆಯಲಾರದೆ ನದಿಯ ದಡದಲ್ಲಿ ಗುಂಡಿ ತೋಡಿ ಮರಳು ಹೊದ್ದು ಮಲಗಿದ ರಾತ್ರಿಗಳೂ ಇದ್ದವು.

ರಮಾಬಾಯಿಯವರ ಶಿಕ್ಷಣ ವಿಚಾರವೆಲ್ಲ ಈ ಹಸಿವಿನಿಂದ ಹುಟ್ಟಿತೆಂದು ನಾನು ತಿಳಿದಿದ್ದೇನೆ. ತಾಯಿ ಕಲಿಸಿದ್ದರಿಂದ ಓದಿನ ರುಚಿ ಬಂತು. ತಾಯಿ ಹಸಿದು ಸತ್ತದ್ದರಿಂದ, ಅನ್ನ ದುಡಿಯಲು ಬಾರದ ಓದು ಅರ್ಧ ಓದು ಎಂಬುದು ಗೊತ್ತಾಯಿತು. ಮುಂದೆ ಅವರು ಕಟ್ಟಿದ ಶಾಲೆಗಳಲ್ಲಿ ಪುಸ್ತಕದ ಪಕ್ಕದಲ್ಲೇ ಮಗ್ಗ, ಮುದ್ರಣದ ಮೊಳೆ, ಎಣ್ಣೆಯ ಗಾಣ ಯಾಕೆ ಇದ್ದವು ಎಂದು ಕೇಳಿದರೆ ಉತ್ತರ ಇಲ್ಲಿದೆ.

1878ರಲ್ಲಿ ಅಣ್ಣ ತಂಗಿ ಕಲ್ಕತ್ತ ತಲುಪಿದರು. ಇಪ್ಪತ್ತು ವರ್ಷದ ಹುಡುಗಿ ಪಂಡಿತರ ಪ್ರಶ್ನೆಗಳಿಗೆ ಸಂಸ್ಕೃತದಲ್ಲಿ ಆಶುವಾಗಿ ಉತ್ತರ ಕೊಟ್ಟದ್ದನ್ನು ಕಂಡು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತರು. ಅದು ತಂದೆಯೂ ಓದಿಸದ ಗ್ರಂಥ. ಓದಿದರು. ಓದಿದಷ್ಟೂ, ಹೆಂಗಸರ ಮತ್ತು ಶೂದ್ರರ ಬಗ್ಗೆ ಧರ್ಮಶಾಸ್ತ್ರಗಳು ಹೇಳುವ ಮಾತು ಅವರನ್ನು ಚುಚ್ಚತೊಡಗಿತು. ಬಿರುದು ಕೊಟ್ಟ ಪರಂಪರೆಯನ್ನೇ ಪ್ರಶ್ನಿಸಲು ಆ ಬಿರುದು ಅಡ್ಡ ಬರಲಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಬ್ರಾಹ್ಮಣ ಪಂಡಿತೆ, ಶೂದ್ರ ವರ್ಗಕ್ಕೆ ಸೇರಿದ ವರ, ಪುರೋಹಿತರಿಲ್ಲದ ರಿಜಿಸ್ಟರ್ ಮದುವೆ. ಆ ಕಾಲಕ್ಕೆ ಒಂದೊಂದೂ ಬಹಿಷ್ಕಾರಕ್ಕೆ ಸಾಕಾಗುವ ತಪ್ಪು. ಈ ಸಂಸಾರ ಎರಡು ವರ್ಷವೂ ಉಳಿಯಲಿಲ್ಲ. ಆದರೆ ಆ ಅಲ್ಪ ಕಾಲದಲ್ಲಿ ಗಂಡ ಹೆಂಡತಿ ಕೂಡಿ ಬಾಲವಿಧವೆಯರಿಗೆ ಒಂದು ಶಾಲೆ ತೆರೆಯಬೇಕೆಂದು ಯೋಚಿಸಿದ್ದರು. ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ರಮಾಬಾಯಿಯ ಕಣ್ಣಿಗೆ ಬಿದ್ದದ್ದು ಗಂಡನ ಪುಸ್ತಕಗಳ ನಡುವೆ. ಕ್ರೈಸ್ತ ಧರ್ಮದತ್ತ ಹೆಂಡತಿಯ ಒಲವು ಬಿಪಿನ್ ಅವರಿಗೆ ಹಿಡಿಸಲಿಲ್ಲ. ಭಿನ್ನಾಭಿಪ್ರಾಯ ಇತ್ತು, ಗೌರವವೂ ಇತ್ತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಿಪಿನ್ ಅವರನ್ನು ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆ, ಮಡಿಲಲ್ಲಿ ವರ್ಷ ತುಂಬದ ಕೂಸು.

ಆ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂದಾಗ ಅದರ ಮುಂದೆ ಸಾಕ್ಷ್ಯ ನುಡಿದರು. ಈ ಸಾಕ್ಷ್ಯವನ್ನು ನೀವು ಓದಲೇಬೇಕು. ಅವರು ಕೇಳಿದ್ದು ಇವು: ಹೆಣ್ಣುಮಕ್ಕಳ ಶಾಲೆಗೆ ಹೆಂಗಸರೇ ಶಿಕ್ಷಕಿಯರಾಗಬೇಕು. ಅವರಿಗೆ ಮೊದಲು ತಮ್ಮ ಭಾಷೆ ಚೆನ್ನಾಗಿ ಬರಬೇಕು. ತರಬೇತಿಯ ಕಾಲದಲ್ಲಿ ವಿದ್ಯಾರ್ಥಿವೇತನ ಸಿಗಬೇಕು. ಇರಲು ಶಾಲೆಯ ಹತ್ತಿರವೇ ವಸತಿ ಬೇಕು. ಶಾಲೆ ತಪಾಸಣೆಗೂ ಹೆಂಗಸರೇ ಬರಬೇಕು, ಯಾಕೆಂದರೆ ಗಂಡಸು ಇನ್ಸ್‌ಪೆಕ್ಟರರಲ್ಲಿ ಅನೇಕರಿಗೆ ಹೆಣ್ಣುಮಕ್ಕಳ ಓದೇ ಬೇಡವಾಗಿದೆ. ಶಿಕ್ಷಕಿಯರ ಸಂಬಳ ಗಂಡು ಮೇಷ್ಟ್ರುಗಳಿಗಿಂತ ಹೆಚ್ಚಿರಬೇಕು. ಹೆಂಗಸರನ್ನು ನೋಡಲು ಹೆಂಗಸು ಡಾಕ್ಟರುಗಳು ಬೇಕು. ಇದನ್ನೆಲ್ಲ ಕೇಳಿದವರು ಕೈಯಲ್ಲಿ ಕಾಸಿಲ್ಲದ ಒಬ್ಬ ತರುಣ ವಿಧವೆ, 1882ರಲ್ಲಿ. ಇಂದು ನಮ್ಮ ಎಷ್ಟೋ ಖಾಸಗಿ ಶಾಲೆಗಳಲ್ಲಿ ಬಿ.ಎಡ್. ಮುಗಿಸಿದ ಹೆಣ್ಣುಮಗಳು ಮನೆಗೆಲಸದವರ ಸಂಬಳಕ್ಕೆ ದುಡಿಯುತ್ತಾಳೆ. ‘ಗಂಡನ ಸಂಬಳ ಇದೆಯಲ್ಲ, ಟೈಮ್‌ಪಾಸ್‌ಗೆ ಬರ್ತಾರೆ’ ಎಂಬ ಮಾತು ಆಡಳಿತ ಮಂಡಳಿಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಸಂಬಳ ಕೇಳುವುದು ಸೇವಾಭಾವನೆಗೆ ಕುಂದು ಎಂದು ನಿಮಗೆ ಯಾರಾದರೂ ಹೇಳಿದರೆ, ಸೇವೆಗೆ ಬದುಕನ್ನೇ ಕೊಟ್ಟ ರಮಾಬಾಯಿ ಮೊದಲು ಕೇಳಿದ ಸಂಗತಿಗಳಲ್ಲಿ ಸಂಬಳವೂ ಒಂದಾಗಿತ್ತು ಎಂದು ಹೇಳಿ.

ಡಾಕ್ಟರಾಗಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಪ್ರಯಾಣದ ಖರ್ಚಿಗೆ ಆಧಾರವಾದದ್ದು ಅವರು ಮರಾಠಿಯಲ್ಲಿ ಬರೆದ ‘ಸ್ತ್ರೀಧರ್ಮನೀತಿ’ಯ ಮಾರಾಟ. ಆದರೆ ಕಿವಿ ಮಂದವಾಗಿದ್ದರಿಂದ ವೈದ್ಯಕೀಯ ಓದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ತಂಗಿದ್ದಾಗ ಅವರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಆ ಸಿಸ್ಟರುಗಳು ನಡೆಸುತ್ತಿದ್ದ ಆಶ್ರಯಧಾಮಕ್ಕೆ ಹೋದರು. ಜನ ‘ಕೆಟ್ಟವಳು’ ಎಂದು ಬೀದಿಗೆ ಬಿಟ್ಟ ಹೆಂಗಸರನ್ನು ಅಲ್ಲಿ ಮರ್ಯಾದೆಯಿಂದ ನೋಡಿಕೊಳ್ಳುತ್ತಿದ್ದರು. ಅಂಥ ಹೆಂಗಸರಿಗೆ ತಮ್ಮ ಧರ್ಮಗ್ರಂಥಗಳು ಹೇಳಿದ್ದು ಶಿಕ್ಷೆ, ಇಲ್ಲಿ ಕಂಡದ್ದು ಕರುಣೆ ಎಂಬುದು ಅವರ ಮನಸ್ಸಿನಲ್ಲಿ ನಿಂತಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಮಹಾರಾಷ್ಟ್ರದಲ್ಲಿ ಗದ್ದಲವೆದ್ದಿತು. ಜ್ಯೋತಿಬಾ ಫುಲೆಯವರು ಮಾತ್ರ ತಮ್ಮ ‘ಸತ್ಸಾರ’ದಲ್ಲಿ ಅವರ ಪರವಾಗಿ ಬರೆದರು.

ಇನ್ನು ಮುಂದಿನ ಭಾಗವನ್ನು ಕ್ರೈಸ್ತ ಶಾಲೆಗಳಲ್ಲಿ ಕೆಲಸಕ್ಕೆ ಸೇರಲಿರುವ ಸಹೋದರಿಯರು ವಿಶೇಷವಾಗಿ ಗಮನಿಸಿ. ದೀಕ್ಷೆ ಪಡೆದ ಮೇಲೆ ರಮಾಬಾಯಿ ತಲೆಯಾಡಿಸುತ್ತ ಕೂರಲಿಲ್ಲ. ತ್ರಿತ್ವದ ಸಿದ್ಧಾಂತ ನನಗೆ ಒಪ್ಪಿಗೆಯಾಗಿಲ್ಲ ಎಂದು ತಮ್ಮ ಗುರುಮಾತೆ ಸಿಸ್ಟರ್ ಜೆರಲ್ಡೀನ್ ಅವರಿಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಪುಡಿಂಗನ್ನೂ ತಿನ್ನಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೊತಿಯಾ ಬೀಲ್ ಅವರ ಆಸರೆಯಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದಾಗ, ಈಕೆ ಗಂಡಸರಿಗೆ ಪಾಠ ಹೇಳುವುದು ಸರಿಯಲ್ಲ ಎಂದು ಬಿಷಪ್ ಪದವಿಯವರಿಂದ ಆಕ್ಷೇಪ ಬಂತು. ಭಾರತದಲ್ಲಿ ಗಂಡಸರು ತುಂಬಿದ ಸಭೆಗಳಲ್ಲಿ ಪುರಾಣ ಹೇಳಿ ಬಂದಿದ್ದ ಹೆಂಗಸಿಗೆ ಇದು ಎಂಥ ಮಾತು! ಒಂದು ಪುರೋಹಿತಶಾಹಿಯ ನೊಗ ಕಳಚಿ ಬಂದದ್ದು ಇನ್ನೊಂದಕ್ಕೆ ಕುತ್ತಿಗೆ ಕೊಡುವುದಕ್ಕಲ್ಲ ಎಂಬುದು ಅವರ ಉತ್ತರದ ಸಾರ. ಮಗಳು ಮನೋರಮಾಳನ್ನು ಇಂಗ್ಲಿಷ್ ಹುಡುಗಿಯ ಹಾಗೆ ಬೆಳೆಸುವುದಕ್ಕೂ ಅವರ ವಿರೋಧವಿತ್ತು. ಅವಳು ನಮ್ಮ ಜನರ ಮೇಲೆ ನಿಂತು ನೋಡುವವಳಾಗಬಾರದು, ನಮ್ಮ ಜನರಲ್ಲಿ ಒಬ್ಬಳಾಗಬೇಕು ಎಂದು ಹಟ ಹಿಡಿದರು. ಇಷ್ಟಾದರೂ ಅವರ ಕ್ರಿಸ್ತಭಕ್ತಿ ಕೊನೆಯವರೆಗೆ ಕುಂದಲಿಲ್ಲ, ಬೆಳೆಯುತ್ತ ಹೋಯಿತು. ಭಕ್ತಿ ಮತ್ತು ಪ್ರಶ್ನೆ ಒಂದಕ್ಕೊಂದು ಶತ್ರು ಎಂದು ತಿಳಿದವರು ಈ ಬದುಕನ್ನು ಮತ್ತೊಮ್ಮೆ ನೋಡಬೇಕು.

1886ರಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವುದನ್ನು ಕಣ್ಣಾರೆ ನೋಡಲು ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ಫ್ರೋಬೆಲ್‌ನ ಕಿಂಡರ್‌ಗಾರ್ಟನ್ ಪದ್ಧತಿ ಕಲಿತರು. ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಫ್ರೋಬೆಲ್‌ನನ್ನು ಅವರು ತರಗತಿಯಲ್ಲಿ ಕೂತು ಕಲಿತು, ಮರಾಠಿ ಮಕ್ಕಳಿಗೆ ಹೊಂದಿಸಲು ಹೊರಟರು. 1887ರಲ್ಲಿ ‘ದಿ ಹೈಕಾಸ್ಟ್ ಹಿಂದೂ ವುಮನ್’ ಪುಸ್ತಕ ಹೊರಬಂತು. ಊರೂರು ತಿರುಗಿ ಉಪನ್ಯಾಸ ಕೊಟ್ಟರು. ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿ, ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ಹಣ ಕೊಡುವ ಭರವಸೆ ಸಿಕ್ಕಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಅಡಿಗೆಮನೆಯಲ್ಲಿ ಸವೆಯುತ್ತಿದ್ದ ಹೆಣ್ಣುಮಗಳು ಇಲ್ಲಿ ಓದಿದಳು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಆಕೆಯನ್ನು ಮದುವೆಯಾದರು. ಆ ಮದುವೆಗೆ ರಮಾಬಾಯಿಯ ಹರಕೆ ಇತ್ತು. ಕರ್ವೆ ದಂಪತಿ 1896ರಿಂದ ವಿಧವೆಯರ ಆಶ್ರಮ ನಡೆಸಿದರು, 1916ರಲ್ಲಿ ಕರ್ವೆಯವರು ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದರು. ಒಬ್ಬ ವಿದ್ಯಾರ್ಥಿನಿಯ ಓದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ನಿಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನೆನಪಿಡಿ, ಗೋದೂಬಾಯಿ ಕ್ರೈಸ್ತಳಾಗಲಿಲ್ಲ. ಗುರುವಿನ ದಾರಿ ಹಿಡಿಯದೆಯೇ ಗುರುವಿನ ಕೆಲಸ ಮುಂದುವರಿಸಿದಳು.

ಸದನದಲ್ಲಿ ಜಾತಿಯ ಕಟ್ಟುಕಟ್ಟಳೆಗೆ ಧಕ್ಕೆ ಬಾರದಂತೆ ಅಡಿಗೆ ಊಟದ ವ್ಯವಸ್ಥೆ ಇತ್ತು. ಧರ್ಮಬೋಧೆ ಮಾಡುವುದಿಲ್ಲ ಎಂಬ ಮಾತೂ ಇತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಬರುವ ಹುಡುಗಿಯರನ್ನು ಬೇಡ ಎನ್ನುತ್ತಿರಲಿಲ್ಲ. ಕೆಲವರು ಬರತೊಡಗಿದರು. 1893ರ ಹೊತ್ತಿಗೆ, ಪುಣೆಗೆ ವರ್ಗವಾಗಿದ್ದ ಸದನದ ಮೇಲೆ ‘ಕೇಸರಿ’ ಪತ್ರಿಕೆ ಹರಿಹಾಯ್ದಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೇ ರಾಜೀನಾಮೆ ಕೊಟ್ಟರು. ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ರಮಾಬಾಯಿ ಪ್ರಾರ್ಥನೆಯ ಬಾಗಿಲು ಮುಚ್ಚಲು ಒಪ್ಪಲಿಲ್ಲ.

ಇಲ್ಲಿ ಅವರನ್ನು ಕಣ್ಣುಮುಚ್ಚಿ ಸಮರ್ಥಿಸಲು ನಾನು ಹೋಗುವುದಿಲ್ಲ. ಸುಧಾರಕರ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಮುಂದೆ ಕೆಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಸದನವಂತೂ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ಹಸಿದು ಬಂದ ಮಗುವಿಗೆ, ಅನ್ನ ಕೊಟ್ಟವರ ದೇವರನ್ನು ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ? ಈ ಪ್ರಶ್ನೆಯನ್ನು ಅಂದಿನವರೂ ಕೇಳಿದರು, ಇಂದಿನ ಸಂಶೋಧಕರೂ ಕೇಳುತ್ತಾರೆ. ಕೇಳಬೇಕಾದದ್ದೇ. ತಮಗೆ ತಾವು ಪಡೆದುಕೊಂಡ ಒಪ್ಪದಿರುವ ಹಕ್ಕನ್ನು ಮುಕ್ತಿಯ ಪ್ರತಿ ಹುಡುಗಿಗೂ ಅವರು ಅಷ್ಟೇ ಅಗಲವಾಗಿ ತೆರೆದಿಟ್ಟರೆಂದು ಹೇಳುವುದು ಕಷ್ಟ. ಆದರೆ ಅದೇ ಪ್ರಶ್ನೆಯನ್ನು ನಿಮ್ಮ ತರಗತಿಗೂ ಕೇಳಿಕೊಳ್ಳಿ. ಅಂಕ ಕೊಡುವವರು ನೀವು. ನಿಮ್ಮ ಜಾತಿ, ನಿಮ್ಮ ದೇವರು, ನಿಮ್ಮ ಪಕ್ಷ, ನಿಮ್ಮ ಅಭಿಪ್ರಾಯವನ್ನು ಒಪ್ಪದ ಮಗು ನಿಮ್ಮೆದುರು ಎದ್ದು ನಿಂತು ಮಾತಾಡಬಲ್ಲದೇ? ರಮಾಬಾಯಿಯ ಮೇಲಿನ ಆಕ್ಷೇಪ ಸರಿ ಎನ್ನುವವರು ಮೊದಲು ತಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಿಂದಲೇ ಈ ಪರೀಕ್ಷೆ ಶುರುಮಾಡಬಹುದು.

1896ರ ಬರಗಾಲ ಬಂದಾಗ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ, ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದರು. ತಾಯಿಯನ್ನು ಹಸಿವಿಗೆ ಕಳೆದುಕೊಂಡವಳಿಗೆ ಆ ಮುಖಗಳ ಗುರುತು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪುಣೆಯಲ್ಲಿ ಪ್ಲೇಗು ಬಂದಾಗ ಎಲ್ಲರೂ ಕೆಡಗಾಂವ್‌ನ ಜಮೀನಿಗೆ ಹೋದರು. 1900ರ ಗುಜರಾತ್ ಬರಗಾಲದಲ್ಲಿ ಇನ್ನಷ್ಟು ಹುಡುಗಿಯರು ಬಂದರು. ಆ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ. ಓದು ಬರಹದ ಜೊತೆಗೆ ಬೇಸಾಯ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಬಟ್ಟೆ ಒಗೆಯುವುದು, ಅಚ್ಚುಮೊಳೆ ಜೋಡಿಸುವುದು, ಪುಸ್ತಕ ಕಟ್ಟುವುದು ಎಲ್ಲ ಕಲಿಸಿದರು. ಕೆಲಸ ನಡೆಸುವವರೆಲ್ಲ ಬಹುಮಟ್ಟಿಗೆ ಹೆಂಗಸರೇ. ಅತ್ಯಾಚಾರಕ್ಕೆ, ಮೋಸಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ಕೃಪಾ ಸದನ. ಅಂಧ ಹೆಣ್ಣುಮಕ್ಕಳಿಗೆ ಬ್ರೈಲ್ ಓದು. ವೃದ್ಧೆಯರಿಗೆ ಬೇರೆ ಮನೆ. ಇದರ ನಡುವೆಯೇ ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆ ಇರುವ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ಬಹುಕಾಲದ ಆ ದುಡಿಮೆ ಅಚ್ಚಾದದ್ದು ಮುಕ್ತಿಯ ಮುದ್ರಣಾಲಯದಲ್ಲೇ, ಅಲ್ಲಿನ ಹೆಂಗಸರ ಕೈಯಲ್ಲೇ.

ತಾಯಿಯಾಗಿ ಅವರು ಹೇಗಿದ್ದರು ಎಂದು ನೀವು ಕೇಳುತ್ತೀರಿ. ನಿಮ್ಮನ್ನೂ ನಾಳೆ ಇದನ್ನೇ ಕೇಳುತ್ತಾರೆ: ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಮನೆ ಕಡೆ ಗಮನ ಇದೆಯಾ ಅಂತ. ಮನೋರಮಾ ಬಾಲ್ಯದ ಎಷ್ಟೋ ಕಾಲ ತಾಯಿಯಿಂದ ದೂರ, ಸಿಸ್ಟರುಗಳ ಬಳಿ ಬೆಳೆದಳು. ಓದಿಗಾಗಿ ಇಂಗ್ಲೆಂಡ್, ಅಮೆರಿಕ ಸುತ್ತಿದಳು. ತಾಯಿಗೆ ಇದರ ನೋವಿರಲಿಲ್ಲ ಎಂದಲ್ಲ. ಮಗಳ ಊಟ, ಬಟ್ಟೆ, ಪ್ರಾರ್ಥನೆ, ಪಾಠ ಒಂದೊಂದರ ಬಗ್ಗೆಯೂ ಅವರು ಪತ್ರಗಳಲ್ಲಿ ಹೋರಾಡಿದ್ದಾರೆ. ಬೆಳೆದ ಮಗಳು ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಮಾಡಿ, ತಾಯಿಯ ಶಾಲೆಯ ಪ್ರಾಂಶುಪಾಲೆಯಾಗಿ, ಸರಿಸಮವಾಗಿ ದುಡಿದಳು. 1910ರ ದಶಕದಲ್ಲಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ, ಇಂದಿನ ನಮ್ಮ ಕಲಬುರಗಿಯಲ್ಲಿ, ತಾಯಿ ಮಗಳು ಒಂದು ಕ್ರೈಸ್ತ ಶಾಲೆ ತೆರೆದರು. ಘಟ್ಟದಿಂದ ಹೊರಟ ಸಂಸಾರ ಹೀಗೆ ಕನ್ನಡ ನಾಡಿಗೆ ಶಾಲೆಯಾಗಿ ಮರಳಿತು. ಲಕ್ಷ್ಮೀಬಾಯಿ ರಮಾಬಾಯಿಗೆ ಕಲಿಸಿದರು, ರಮಾಬಾಯಿ ಮನೋರಮಾಳಿಗೆ. ಮೂರು ತಲೆಮಾರಿನ ಹೆಂಗಸರು ಕಲಿಸುವುದನ್ನೇ ತಾಯ್ತನ ಮಾಡಿಕೊಂಡರು. ಮಗಳ ಜೊತೆ ಹೆಚ್ಚು ಗಂಟೆ ಕಳೆದವಳೇ ಒಳ್ಳೆಯ ತಾಯಿ ಎಂಬ ಅಳತೆಗೋಲು ಇವರಿಗೆ ಸಾಲದು.

1921ರ ಜುಲೈನಲ್ಲಿ ನಲವತ್ತರ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಕಿವಿ ಪೂರ್ತಿ ಕೇಳದಾಗಿದ್ದ, ದೇಹ ಸೋತಿದ್ದ ರಮಾಬಾಯಿ ಬೈಬಲಿನ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಬೈಬಲ್ ಹೊರಬಂದದ್ದು 1924ರಲ್ಲಿ. ಮುಕ್ತಿ ಸಂಸ್ಥೆ ಇಂದಿಗೂ ಕೆಡಗಾಂವ್‌ನಲ್ಲಿ ನಡೆಯುತ್ತಿದೆ.

ಗೆಳತಿಯರೇ, ಈಗ ನಿಮ್ಮಲ್ಲಿ ನನ್ನ ಕೋರಿಕೆ.

ಕೆಲಸಕ್ಕೆ ಸೇರುವಾಗ ನೇಮಕಾತಿ ಆದೇಶ ಕೇಳಿ, ಸಂಬಳ ಎಷ್ಟೆಂದು ಬರವಣಿಗೆಯಲ್ಲಿ ಪಡೆಯಿರಿ, ಹೆರಿಗೆ ರಜೆಯ ಬಗ್ಗೆ ಮೊದಲೇ ಮಾತಾಡಿ. ಇದು ದುರಾಸೆಯಲ್ಲ, 1882ರಷ್ಟು ಹಳೆಯ ಬೇಡಿಕೆ. ನಿಮ್ಮ ತರಗತಿಯ ಹುಡುಗಿಯರಿಗೆ ಪಾಠದ ಜೊತೆ ದುಡಿಮೆಯ ದಾರಿಯನ್ನೂ ತೋರಿಸಿ. ಹತ್ತನೆಯ ತರಗತಿ ಮುಗಿದ ಕೂಡಲೇ ಮದುವೆ ಮಾತು ಎತ್ತುವ ಮನೆಗಳಿಗೆ ನೀವೇ ಹೋಗಿ ಬನ್ನಿ. ಬಿಟ್ಟುಹೋದ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದು ಸುಮ್ಮನಾಗಬೇಡಿ. ಎದುರು ಮಾತಾಡುವ ಮಗುವಿನ ಬಾಯಿ ಮುಚ್ಚಿಸಬೇಡಿ. ನಿಮ್ಮನ್ನು ಒಪ್ಪದ ವಿದ್ಯಾರ್ಥಿಯೇ ಮುಂದೆ ನಿಮ್ಮ ಕೆಲಸ ಮುಂದುವರಿಸಬಹುದು, ಗೋದೂಬಾಯಿ ಮಾಡಿದ ಹಾಗೆ. ಮತ್ತೆ, ನೀವು ಯಾವ ಧರ್ಮದವರೇ ಆಗಿರಿ, ಒಬ್ಬ ಕ್ರೈಸ್ತ ಭಕ್ತೆಯನ್ನು ನಮ್ಮ ನಾಡಿನ ಶಿಕ್ಷಕಿ ಎಂದು ಹೆಸರಿಸಲು ಹಿಂಜರಿಯಬೇಡಿ.

ಏಪ್ರಿಲ್ 23, ಅವರು ಹುಟ್ಟಿದ ದಿನ, ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಹಾಗಾಗಿ ಶಾರದಾ ಸದನ ತೆರೆದ ಮಾರ್ಚ್ 11ನ್ನು ಇಟ್ಟುಕೊಳ್ಳಿ. ಅಂದು ಯಾವುದಾದರೂ ಒಂದು ಅವಧಿಯಲ್ಲಿ ಹತ್ತು ನಿಮಿಷ ತೆಗೆದು, ಗಂಗಾಮೂಲದಲ್ಲಿ ಹುಟ್ಟಿದ ಈ ಹೆಣ್ಣುಮಗಳ ಕತೆಯನ್ನು ನಿಮ್ಮ ಮಕ್ಕಳಿಗೆ ಪೂರ್ತಿಯಾಗಿ ಹೇಳಿ. ಆ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿ.

ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಶಿಕ್ಷಕಿ